ಉರಿಯುತ್ತಲೇ ಇರುವ ದೀಪ, ಕಾಣುತ್ತಲೇ ಇರುವ ನೆರಳು: ಮನೆಯೊಳಗಿನ ಫ್ಯಾಷನ್ ಛಾಯಾಗ್ರಹಣಕ್ಕೆ ನಿರಂತರ ಬೆಳಕು

ಜೂನ್ ಎರಡನೇ ವಾರದ ಹೊತ್ತಿಗೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲೂ ಗೋಕರ್ಣದ ಓಂ ತೀರದಲ್ಲೂ ಫೋಟೊ ತೆಗೆಯುವವರ ಗದ್ದಲ ಅಡಗುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಸೆಪ್ಟೆಂಬರ್ ಮುಗಿಯುವುದರೊಳಗೆ ಸುರಿದುಹೋಗುತ್ತದೆ. ಆದರೆ ಬಟ್ಟೆಯ ವ್ಯಾಪಾರಕ್ಕೆ ಮಳೆಗಾಲದ ರಜೆ ಇಲ್ಲ. ಚೌತಿ, ನವರಾತ್ರಿ, ದೀಪಾವಳಿಗೆ ಮಾರಬೇಕಾದ ಸೀರೆ, ರವಿಕೆ, ಕುರ್ತಾಗಳ ಚಿತ್ರಗಳು ಇದೇ ತಿಂಗಳುಗಳಲ್ಲಿ ಸಿದ್ಧವಾಗಬೇಕು. ಶಿರಸಿಯಲ್ಲಿ ರವಿಕೆಗೆ ಕಸೂತಿ ಹಾಕಿಸಿ ಮಾರುವವರು, ಕುಮಟಾ, ಅಂಕೋಲೆಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ಸೀರೆ ಮಾರುವ ಮನೆಯೊಡತಿಯರು, ಮದುವೆ ಹಂಗಾಮು ಮುಗಿಸಿ ಬಿಡುವಾದ ಛಾಯಾಗ್ರಾಹಕರು, ಎಲ್ಲರೂ ಮನೆಯೊಳಗೇ ಚಿತ್ರ ತೆಗೆಯುವ ದಾರಿ ಹುಡುಕುತ್ತಾರೆ. ಎಲ್‌ಇಡಿ ದೀಪಗಳು ಈಚಿನ ವರ್ಷಗಳಲ್ಲಿ ಕೈಗೆಟಕುವ ಬೆಲೆಗೆ ಸಿಗತೊಡಗಿದ ಮೇಲೆ ಈ ಹುಡುಕಾಟ ಇನ್ನೂ ಜೋರಾಗಿದೆ.

ದೀಪ ಬರುತ್ತದೆ, ಸ್ಟ್ಯಾಂಡ್ ಬರುತ್ತದೆ, ಚಿತ್ರ ಮಾತ್ರ ಪಾಸ್‌ಪೋರ್ಟ್ ಫೋಟೊದಂತೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಪತ್ರಿಕೆಗಳ ಮುಖಪುಟದಲ್ಲಿ ಕಾಣುವ ಆಳ, ಅರ್ಧ ಮುಖ ಕತ್ತಲಲ್ಲಿ ಕರಗಿ ಉಳಿದರ್ಧ ಹೊಳೆಯುವ ಗಾಂಭೀರ್ಯ ಏಕೆ ಬರುವುದಿಲ್ಲ? ಇನ್ನೊಂದು ದೀಪ ಕೊಂಡರೆ ಬರುತ್ತದೆಯೇ? ಬಹಳಷ್ಟು ಸಲ ಆ ಇನ್ನೊಂದು ದೀಪವೇ ಇದ್ದಬದ್ದ ಆಳವನ್ನೂ ಅಳಿಸಿಹಾಕುತ್ತದೆ. ಏಕೆಂದರೆ ನಾಟಕೀಯ ಬೆಳಕಿನಲ್ಲಿ ನಾವು ರೂಪಿಸುವುದು ನೆರಳನ್ನು.

ಫ್ಲ್ಯಾಶ್ ಬೇರೆ, ನಿರಂತರ ಬೆಳಕು ಬೇರೆ

ಸ್ಟುಡಿಯೊ ದೀಪಗಳಲ್ಲಿ ಎರಡು ಜಾತಿ. ಕ್ಯಾಮೆರಾದ ಗುಂಡಿ ಒತ್ತಿದಾಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ ಹೊತ್ತು ಹೊಳೆದು ಆರಿಹೋಗುವುದು ಫ್ಲ್ಯಾಶ್. ಸ್ವಿಚ್ ಹಾಕಿದಾಗಿನಿಂದ ಆರಿಸುವವರೆಗೆ ಒಂದೇ ಸಮನೆ ಉರಿಯುವುದು ನಿರಂತರ ಬೆಳಕು. ಕೊಡ ತುಂಬಿಸುವ ಕೆಲಸವನ್ನೇ ನೆನೆಯಿರಿ. ಬಿಂದಿಗೆಯ ನೀರನ್ನು ಒಮ್ಮೆಲೇ ಸುರಿದು ತುಂಬಿಸಬಹುದು, ಇಲ್ಲವೇ ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರಿಗೆ ಕೊಡವಿಟ್ಟು ಕಾಯಬಹುದು. ಫ್ಲ್ಯಾಶ್ ಮೊದಲನೆಯದು, ನಿರಂತರ ಬೆಳಕು ಎರಡನೆಯದು. ಅಬ್ಬಿ ಸಣ್ಣದಾಗಿದ್ದರೆ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಹಾಗೆಯೇ ನಿರಂತರ ಬೆಳಕಿನಲ್ಲಿ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು, ಅಥವಾ ಅದರ ಸಂವೇದನೆಯನ್ನು ಏರಿಸಬೇಕು.

ಬಲದಲ್ಲಿ ಫ್ಲ್ಯಾಶ್ ಮುಂದು. ಆದರೂ ಕಲಿಯುವವರಿಗೆ ನಿರಂತರ ಬೆಳಕೇ ಲೇಸು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಗುಂಡಿ ಒತ್ತುವ ಮೊದಲೇ ನೆರಳು ಎಲ್ಲಿ ಬಿದ್ದಿದೆ ಎಂಬುದು ಕಣ್ಣೆದುರಿಗೇ ಇರುತ್ತದೆ. ದೀಪವನ್ನು ಒಂದು ಗೇಣು ಸರಿಸಿದರೆ ಕೆನ್ನೆಯ ಮೇಲಿನ ನೆರಳು ಎಷ್ಟು ಸರಿಯಿತು ಎಂದು ಆಗಲೇ ತಿಳಿಯುತ್ತದೆ. ರೂಪದರ್ಶಿಗೂ ಅದು ಕಾಣುತ್ತದೆ. ಎದುರಿಗೊಂದು ಕನ್ನಡಿಯಿಟ್ಟರೆ ತಾನೇ ಕತ್ತು ತಿರುಗಿಸಿ ಬೆಳಕನ್ನು ಹಿಡಿಯುತ್ತಾಳೆ. ಮೊಬೈಲ್‌ನಲ್ಲಿ ಚಿತ್ರ ತೆಗೆಯುವವರಿಗಂತೂ ಸ್ಟುಡಿಯೊ ಫ್ಲ್ಯಾಶ್ ಹೊಂದುವುದೇ ಕಷ್ಟ, ನಿರಂತರ ಬೆಳಕಿಗೆ ಆ ತೊಡಕಿಲ್ಲ. ಇನ್ನೊಂದು ಸಣ್ಣ ಲಾಭವೂ ಉಂಟು. ಸದಾ ಉರಿಯುವ ಬೆಳಕಿನಲ್ಲಿ ಕಣ್ಣಿನ ಪಾಪೆ ಕಿರಿದಾಗಿರುವುದರಿಂದ ಅದರ ಸುತ್ತಲಿನ ಕಂದು ಬಣ್ಣ ಚಿತ್ರದಲ್ಲಿ ಹೆಚ್ಚು ಕಾಣುತ್ತದೆ.

ಮೂವತ್ತು ವರ್ಷಗಳ ಹಿಂದಿನ ಮದುವೆಗಳಲ್ಲಿ ವಿಡಿಯೊದವರು ಹಿಡಿದು ಓಡಾಡುತ್ತಿದ್ದ ಸನ್‌ಗನ್ ಕೂಡ ನಿರಂತರ ಬೆಳಕೇ. ಅದು ಹ್ಯಾಲೊಜೆನ್ ದೀಪ. ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಹೊರಹಾಕುತ್ತಿದ್ದುದರಿಂದ ಮದುಮಗಳ ಮುಖದ ಬಣ್ಣ ಕರಗಿ ಇಳಿಯುತ್ತಿತ್ತು. ಅದೇ ಬೆಳಕನ್ನು ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಶಾಖದಲ್ಲಿ ಎಲ್‌ಇಡಿ ಕೊಡುತ್ತದೆ. ಕರಾವಳಿಯ ಬೆವರಿನ ಹವೆಯಲ್ಲಿ ಇದು ಸಣ್ಣ ಮಾತಲ್ಲ.

ಗಡಸು ನೆರಳು, ಮೆದು ನೆರಳು

ಏಪ್ರಿಲ್ ನಡುಹಗಲಲ್ಲಿ ಅಂಗಳದಲ್ಲಿ ನಿಂತರೆ ನೆರಳಿನ ಅಂಚು ಚಾಕುವಿನಿಂದ ಕೊರೆದಷ್ಟು ಸ್ಪಷ್ಟವಾಗಿರುತ್ತದೆ. ಜುಲೈಯಲ್ಲಿ ಮೋಡ ಕವಿದ ದಿನ ಅದೇ ಅಂಗಳದಲ್ಲಿ ನೆರಳನ್ನು ಹುಡುಕಬೇಕಾಗುತ್ತದೆ. ಸೂರ್ಯ ಎರಡೂ ದಿನ ಅವನೇ. ಏಪ್ರಿಲಿನಲ್ಲಿ ಬೆಳಕು ಆಕಾಶದ ಒಂದು ಪುಟ್ಟ ಬಿಲ್ಲೆಯಿಂದ ಬರುತ್ತದೆ, ಜುಲೈಯಲ್ಲಿ ಮೋಡದ ಇಡೀ ಹಾಸಿನಿಂದ ಬರುತ್ತದೆ. ರೂಪದರ್ಶಿ ನಿಂತ ಜಾಗದಿಂದ ನೋಡಿದಾಗ ಬೆಳಕಿನ ಮೂಲ ಚಿಕ್ಕದಾಗಿ ಕಂಡರೆ ನೆರಳು ಗಡಸು, ದೊಡ್ಡದಾಗಿ ಕಂಡರೆ ನೆರಳು ಮೆದು.

ಈ ಸೂತ್ರದಲ್ಲಿ ದೂರವೂ ಅಡಗಿದೆ. ಸೂರ್ಯ ಗಾತ್ರದಲ್ಲಿ ಅಗಾಧ, ಆದರೆ ಅಷ್ಟು ದೂರದಲ್ಲಿರುವುದರಿಂದ ನಮಗೆ ಅರ್ಧ ಡಿಗ್ರಿಯಷ್ಟೇ ಕಾಣುತ್ತಾನೆ. ಮೂರಡಿಯ ಸಾಫ್ಟ್‌ಬಾಕ್ಸನ್ನು, ಅಂದರೆ ದೀಪಕ್ಕೆ ತೊಡಿಸುವ ಬಿಳಿ ಬಟ್ಟೆಯ ಮುಖದ ಪೆಟ್ಟಿಗೆಯನ್ನು, ಮುಖದಿಂದ ಮೂರಡಿ ದೂರದಲ್ಲಿಟ್ಟರೆ ಮೆದು ಬೆಳಕು. ಅದನ್ನೇ ಹದಿನೈದು ಅಡಿ ಆಚೆಗೆ ಒಯ್ದರೆ ಗಡಸು ಬೆಳಕಿಗೆ ಹತ್ತಿರವಾಗುತ್ತದೆ. ದೊಡ್ಡ ಸಾಫ್ಟ್‌ಬಾಕ್ಸ್ ಕೊಂಡು ಅದನ್ನು ಕೋಣೆಯ ಮೂಲೆಯಲ್ಲಿ ನಿಲ್ಲಿಸುವವರು ದೀಪದ ಮೆದುತನವನ್ನು ತಾವೇ ಕಳೆದುಕೊಳ್ಳುತ್ತಾರೆ.

ನಾಟಕೀಯವೆಂದರೆ ಗಡಸು ಬೆಳಕೇ ಆಗಬೇಕೆಂದಿಲ್ಲ. ನೆರಳಿನ ಅಂಚು ಎಷ್ಟು ಮೆದು ಎಂಬುದು ಒಂದು ಪ್ರಶ್ನೆ. ನೆರಳು ಎಷ್ಟು ಕಪ್ಪು ಎಂಬುದು ಬೇರೆಯೇ ಪ್ರಶ್ನೆ. ಮೆದುವಾದ ಅಂಚಿರುವ, ಆದರೆ ಗಾಢವಾದ ನೆರಳು ಸೀರೆಯ ಚಿತ್ರಗಳಿಗೆ ಬಹಳ ಒಪ್ಪುತ್ತದೆ. ಬೆಳಕು ಬಿದ್ದ ಕೆನ್ನೆಗೂ ನೆರಳಿನ ಕೆನ್ನೆಗೂ ಇರುವ ವ್ಯತ್ಯಾಸವನ್ನು ಅನುಪಾತದಲ್ಲಿ ಹೇಳುವುದು ರೂಢಿ. ಎರಡಕ್ಕೆ ಒಂದು ಎಂದರೆ ಸೌಮ್ಯ ಭಾವಚಿತ್ರ, ಎಂಟಕ್ಕೆ ಒಂದು ಎಂದರೆ ನಾಟಕೀಯ. ಇಲ್ಲಿ ಕಣ್ಣನ್ನು ಪೂರ್ತಿ ನಂಬಬಾರದು. ನಮ್ಮ ಕಣ್ಣು ನೆರಳಿನೊಳಗೂ ಹೊಂದಿಕೊಂಡು ವಿವರ ಕಾಣುತ್ತದೆ, ಕ್ಯಾಮೆರಾ ಅಷ್ಟು ಕಾಣುವುದಿಲ್ಲ. ಆದ್ದರಿಂದ ಕಣ್ಣಿಗೆ ಹಿತವಾಗಿ ತೋರಿದ ನೆರಳು ಚಿತ್ರದಲ್ಲಿ ಇನ್ನೂ ಗಾಢವಾಗುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ರೆಪ್ಪೆಗಳ ಸಂದಿಯಿಂದ ನೋಡಿದರೆ ಕ್ಯಾಮೆರಾ ಕಾಣುವುದಕ್ಕೆ ಹತ್ತಿರದ ಅಂದಾಜು ಸಿಗುತ್ತದೆ.

ಒಂದೇ ದೀಪ, ಎರಡು ಮನೆ

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ದೀಪದ ಸುತ್ತಲಿನ ಕೋಣೆ. ಕೈಪಿಡಿಗಳು ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಸುಲಭ.

ಕಾರವಾರ ಪೇಟೆಯ ಒಂದು ತಾರಸಿ ಮನೆಯ ಹಾಲ್ ತೆಗೆದುಕೊಳ್ಳಿ. ಹತ್ತಡಿ ಎತ್ತರದ ಬಿಳಿ ಛಾವಣಿ, ಬಿಳಿ ಗೋಡೆ, ಹೊಳೆಯುವ ಟೈಲ್ಸ್ ನೆಲ. ಇಲ್ಲಿ ಎಡಬದಿಯಿಂದ ಒಂದೇ ದೀಪ ಹಚ್ಚಿದರೂ ಬೆಳಕು ಬಲಗೋಡೆಗೆ, ಛಾವಣಿಗೆ, ನೆಲಕ್ಕೆ ಬಡಿದು ಹಿಂದಿರುಗಿ ಬಲಗೆನ್ನೆಯ ನೆರಳನ್ನು ತುಂಬಿಬಿಡುತ್ತದೆ. ಬಿಳಿ ಬಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ವಾಪಸು ಕಳಿಸಬಲ್ಲದು. ದೀಪ ಒಂದೇ ಆದರೂ ಕೋಣೆ ಅದನ್ನು ಆರು ದೀಪ ಮಾಡುತ್ತದೆ.

ಈಗ ಅದೇ ದೀಪವನ್ನು ಶಿರಸಿ ಸೀಮೆಯ ಹಳೆಯ ಹಂಚಿನ ಮನೆಯ ಜಗುಲಿಗೆ ಒಯ್ಯಿರಿ. ಮೇಲೆ ಮುಚ್ಚಿಗೆಯಿಲ್ಲದ ಮಾಡು, ಹೊಗೆ ಹಿಡಿದು ಕಪ್ಪಾದ ಪಕಾಸು, ರೀಪು, ಎಣ್ಣೆ ಕುಡಿದು ಕರ್ರಗಾದ ಹಲಸಿನ ಮರದ ಕಂಬ. ಮೇಲಕ್ಕೆ ಹೋದ ಬೆಳಕು ವಾಪಸು ಬರುವುದೇ ಇಲ್ಲ. ದೀಪದ ಕಡೆಗಿರುವ ಕೆನ್ನೆ ಬೆಳಗುತ್ತದೆ, ಆಚೆಯದು ತಾನಾಗಿಯೇ ಆಳಕ್ಕಿಳಿಯುತ್ತದೆ. ದೊಡ್ಡ ಊರಿನ ಸ್ಟುಡಿಯೊಗಳು ಗೋಡೆಗೆ ಕಪ್ಪು ಬಣ್ಣ ಬಳಿದು ಗಳಿಸುವುದನ್ನು ಈ ಮನೆಗಳು ಕಟ್ಟಿದಂದಿನಿಂದಲೇ ಇಟ್ಟುಕೊಂಡಿವೆ. ಒಂದೇ ಎಚ್ಚರಿಕೆ ಬೇಕು. ಕೆಂಪು ಗಾರೆಯ ನೆಲ ಕೆಳಗಿನಿಂದ ಕೆಂಪು ಛಾಯೆಯನ್ನು ಗದ್ದಕ್ಕೂ ತಿಳಿಬಣ್ಣದ ಸೀರೆಯ ನೆರಿಗೆಗೂ ಎಸೆಯುತ್ತದೆ. ಚೌಕಟ್ಟಿನೊಳಗೆ ಬಾರದಂತೆ ನೆಲಕ್ಕೆ ಒಂದು ಕಪ್ಪು ಬಟ್ಟೆ ಹಾಸಿದರೆ ಸಾಕು.

ತಾರಸಿ ಮನೆಯವರು ನಿರಾಶರಾಗಬೇಕಿಲ್ಲ. ಒಂದು ಕರಿ ಕಂಬಳಿ ತೆಗೆದುಕೊಳ್ಳಿ, ನೆರಳಿನ ಕೆನ್ನೆಯ ಪಕ್ಕದಲ್ಲಿ, ಚೌಕಟ್ಟಿನಿಂದ ಸ್ವಲ್ಪವೇ ಆಚೆ, ಒಂದೂವರೆ ಅಡಿ ದೂರದಲ್ಲಿ ನೇತುಹಾಕಿ. ಗೋಡೆಯಿಂದ ಹಿಂದಿರುಗುತ್ತಿದ್ದ ಬೆಳಕಿಗೆ ಅದು ಅಡ್ಡವಾಗುತ್ತದೆ, ತಾನಾಗಿ ಏನನ್ನೂ ಹಿಂದಿರುಗಿಸುವುದಿಲ್ಲ. ಕೆನ್ನೆಯ ಮೂಳೆಯ ಕೆಳಗೆ, ದವಡೆಯ ಅಂಚಿನಲ್ಲಿ ನೆರಳು ಗಾಢವಾಗುವುದನ್ನು ಕಣ್ಣಾರೆ ಕಾಣಬಹುದು. ಕಂಬಳಿಯನ್ನು ಸರಿಸಿ, ಮತ್ತೆ ತನ್ನಿ. ಮುಖ ಅಗಲವಾಗಿ, ಮತ್ತೆ ತೆಳುವಾಗಿ ತೋರುತ್ತದೆ. ಬೆಳಕನ್ನು ಕಳೆಯುವ ಈ ಕ್ರಮವನ್ನು ವೃತ್ತಿನಿರತರು ನೆಗೆಟಿವ್ ಫಿಲ್ ಎನ್ನುತ್ತಾರೆ. ಕಂಬಳಿಯ ಒರಟು ಉಣ್ಣೆ ಬೆಳಕು ಹೀರುವುದರಲ್ಲಿ ಹೊಳಪಿನ ಕಪ್ಪು ಪಾಲಿಯೆಸ್ಟರ್‌ಗಿಂತ ಎಷ್ಟೋ ಮೇಲು.

ದೂರದ ಲೆಕ್ಕ

ದೀಪದಿಂದ ದೂರ ಹೋದಂತೆ ಬೆಳಕು ಕ್ಷೀಣಿಸುತ್ತದೆ, ಅದೂ ಬಹಳ ಬೇಗ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ಶಾಲೆಯಲ್ಲಿ ಓದಿದ ವಿಲೋಮ ವರ್ಗ ನಿಯಮ ಇದೇ.

ಇದರ ಉಪಯೋಗ ಹಿನ್ನೆಲೆಯಲ್ಲಿದೆ. ದೀಪ ರೂಪದರ್ಶಿಯಿಂದ ಒಂದು ಮೀಟರ್, ಹಿಂದಿನ ಗೋಡೆ ದೀಪದಿಂದ ಮೂರು ಮೀಟರ್ ಇದ್ದರೆ ಗೋಡೆಗೆ ಬೀಳುವ ಬೆಳಕು ಮುಖಕ್ಕೆ ಬಿದ್ದುದರ ಒಂಬತ್ತನೇ ಒಂದು ಭಾಗ ಮಾತ್ರ. ತಿಳಿಹಳದಿ ಗೋಡೆಯೂ ಚಿತ್ರದಲ್ಲಿ ಗಾಢ ಕಂದಾಗಿ ಕಾಣುತ್ತದೆ. ದೀಪವನ್ನು ರೂಪದರ್ಶಿಯಿಂದ ನಾಲ್ಕು ಮೀಟರ್ ದೂರಕ್ಕೆ ಒಯ್ದರೆ ಗೋಡೆ ಆರು ಮೀಟರ್ ದೂರವಾಗುತ್ತದೆ. ಆಗ ಮುಖಕ್ಕೂ ಗೋಡೆಗೂ ಬೀಳುವ ಬೆಳಕಿನಲ್ಲಿ ಎರಡು ಪಟ್ಟಿಗಿಂತ ತುಸು ಹೆಚ್ಚಿನ ಅಂತರ ಉಳಿಯುತ್ತದೆ, ಗೋಡೆಯ ಕ್ಯಾಲೆಂಡರ್ ಕೂಡ ಓದಬಹುದು. ಕಪ್ಪು ಪರದೆ ಕೊಳ್ಳುವ ಮೊದಲು ರೂಪದರ್ಶಿಯನ್ನು ಗೋಡೆಯಿಂದ ಮುಂದಕ್ಕೆ ಕರೆದು, ದೀಪವನ್ನು ಹತ್ತಿರ ತನ್ನಿ.

ಮೂಗಿನ ನೆರಳನ್ನು ಹಿಂಬಾಲಿಸಿ

ಮುಖಕ್ಕೆ ಬೆಳಕು ಹೊಂದಿಸುವಾಗ ನೋಡಬೇಕಾದುದು ಮೂಗಿನ ನೆರಳನ್ನು. ದೀಪ ಕ್ಯಾಮೆರಾದ ನೇರ ಮೇಲಿದ್ದರೆ ಆ ನೆರಳು ಮೂಗಿನ ಕೆಳಗೆ ಪುಟ್ಟದಾಗಿ, ಚಿಟ್ಟೆಯ ಆಕಾರದಲ್ಲಿ ಬೀಳುತ್ತದೆ. 1930ರ ದಶಕದ ಹಾಲಿವುಡ್‌ನಲ್ಲಿ ಮಾರ್ಲೀನ್ ಡೀಟ್ರಿಚ್ ಮೊದಲಾದ ತಾರೆಯರ ಭಾವಚಿತ್ರಗಳಿಗೆ ಇದೇ ಬೆಳಕು. ಆ ಕಾಲದ ಸ್ಟುಡಿಯೊ ಚಿತ್ರಗಳೆಲ್ಲ ಹೆಚ್ಚಾಗಿ ನಿರಂತರ ದೀಪಗಳಲ್ಲೇ ತೆಗೆದವು. 1939ರಲ್ಲಿ ಪ್ಯಾರಿಸ್ಸಿನಲ್ಲಿ ಹಾರ್ಸ್ಟ್ ಎಂಬ ಛಾಯಾಗ್ರಾಹಕ ತೆಗೆದ, ಬೆನ್ನು ತಿರುಗಿಸಿ ಕೂತ ಹೆಣ್ಣಿನ ಬಿಗಿಕಂಚುಕದ ಚಿತ್ರ ಫ್ಯಾಷನ್ ಛಾಯಾಗ್ರಹಣದ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಒಂದು. ಅದರಲ್ಲಿ ಬೆನ್ನಿನ ತಗ್ಗುಗಳಲ್ಲಿ ನಿಂತ ನೆರಳೇ ಬಟ್ಟೆಯ ಬಿಗಿತವನ್ನು ತೋರಿಸುತ್ತದೆ.

ಈಗ ದೀಪವನ್ನು ನಿಧಾನವಾಗಿ ಬದಿಗೆ ಸರಿಸಿ. ನೆರಳು ಬಾಯಿಯ ಅಂಚಿನ ಕಡೆಗೆ ಓರೆಯಾಗಿ ಚಾಚುತ್ತದೆ. ಇನ್ನೂ ಸರಿಸಿ, ಸುಮಾರು 45 ಡಿಗ್ರಿ ದಾಟಿದ ಮೇಲೆ ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟುತ್ತದೆ. ಮುಟ್ಟಿದ ಗಳಿಗೆಯಲ್ಲಿ ಕತ್ತಲಾದ ಕೆನ್ನೆಯ ನಡುವೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ತ್ರಿಕೋನ ಉಳಿಯುತ್ತದೆ. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನಲ್ಲಿ ಕರೆಯುವ ಬೆಳಕು ಇದು. ತ್ರಿಕೋನ ಕಣ್ಣಿಗಿಂತ ಅಗಲವಾಗದೆ, ಮೂಗಿಗಿಂತ ಉದ್ದವಾಗದೆ ಇದ್ದರೆ ಚೆಂದ. ಪೂರ್ತಿ ಪಕ್ಕಕ್ಕೆ, 90 ಡಿಗ್ರಿಗೆ ಒಯ್ದರೆ ಮುಖ ಎರಡು ಹೋಳಾಗುತ್ತದೆ. ಗಂಡಸರ ಜಾಕೆಟ್ಟಿನ ಚಿತ್ರಗಳಿಗೆ ಅದು ಹೊಂದೀತು, ಮದುಮಗಳ ಸೀರೆಗೆ ನಾನಂತೂ ಬಳಸಲಾರೆ.

ಎತ್ತರವನ್ನು ಕಣ್ಣೇ ಹೇಳುತ್ತದೆ. ದೀಪ ತೀರ ಮೇಲಿದ್ದರೆ ಹುಬ್ಬಿನ ಕೆಳಗೆ ಕತ್ತಲು ತುಂಬಿ ಕಣ್ಣು ನಿರ್ಜೀವವಾಗುತ್ತದೆ. ಕಣ್ಣುಗುಡ್ಡೆಯ ಮೇಲ್ಭಾಗದಲ್ಲಿ ದೀಪದ ಪ್ರತಿಬಿಂಬ ಒಂದು ಚುಕ್ಕೆಯಾಗಿ ಮೂಡುವವರೆಗೆ ಇಳಿಸುತ್ತಾ ಬನ್ನಿ, ಅಲ್ಲಿ ನಿಲ್ಲಿಸಿ.

ಎರಡನೆಯ ದೀಪ ಇದ್ದರೆ ಅದನ್ನು ಎದುರಿಗೆ ಇಡಬೇಡಿ, ಹಿಂದಕ್ಕೆ ಒಯ್ಯಿರಿ. ರೂಪದರ್ಶಿಯ ಬೆನ್ನ ಹಿಂದೆ, ನೆರಳಿನ ಬದಿಯಲ್ಲಿ, ತಲೆಗಿಂತ ಎತ್ತರದಲ್ಲಿಟ್ಟರೆ ಕಪ್ಪು ಕೂದಲಿಗೂ ಕಪ್ಪು ಹಿನ್ನೆಲೆಗೂ ನಡುವೆ ಒಂದು ಬೆಳಕಿನ ಗೆರೆ ಹುಟ್ಟುತ್ತದೆ. ಮುಡಿದ ಭಟ್ಕಳ ಮಲ್ಲಿಗೆಯ ದಂಡೆಯ ಒಂದೊಂದು ಎಸಳೂ ಆ ಗೆರೆಯಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ಬೆಳಕು ನೇರವಾಗಿ ಮಸೂರಕ್ಕೆ ಬಡಿಯದಂತೆ ನಡುವೆ ಒಂದು ರಟ್ಟು ಹಿಡಿಯಬೇಕು, ಇಲ್ಲದಿದ್ದರೆ ಇಡೀ ಚಿತ್ರಕ್ಕೆ ಮಂಕು ಬರುತ್ತದೆ.

ಬಟ್ಟೆಗೆ ಬೇಕಾದ ಬೆಳಕು

ಭಾವಚಿತ್ರದಲ್ಲಿ ಮುಖ ಗೆದ್ದರೆ ಸಾಕು. ಫ್ಯಾಷನ್ ಚಿತ್ರದಲ್ಲಿ ಬಟ್ಟೆಯೂ ಗೆಲ್ಲಬೇಕು. ಉಡುಪಿ ಸೀರೆ, ಇಳಕಲ್ ಸೀರೆಗಳ ನೇಯ್ಗೆ ಕಾಣಬೇಕಾದರೆ ಬೆಳಕು ಬಟ್ಟೆಯನ್ನು ಸವರಿಕೊಂಡು ಪಕ್ಕದಿಂದ ಹೋಗಬೇಕು. ಆಗ ಒಂದೊಂದು ಎಳೆಯೂ ಪಕ್ಕದ ಎಳೆಯ ಮೇಲೆ ಸಣ್ಣ ನೆರಳು ಬೀರುತ್ತದೆ, ಆ ನೆರಳುಗಳ ಮೊತ್ತವೇ ನಮಗೆ ಕಾಣುವ ನೇಯ್ಗೆ. ಎದುರಿನ ಬೆಳಕಿನಲ್ಲಿ ಅವೆಲ್ಲ ಅಳಿಸಿಹೋಗಿ ಕೈಮಗ್ಗದ ಸೀರೆಯೂ ಮುದ್ರಿತ ಬಟ್ಟೆಯಾಗಿ ತೋರುತ್ತದೆ. ನೇಕಾರರ ದುಡಿಮೆಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಜರಿ ಬೇರೆಯೇ ಲೆಕ್ಕ. ಅದು ಲೋಹ, ಕನ್ನಡಿಯ ನಿಯಮದಲ್ಲಿ ನಡೆಯುತ್ತದೆ. ಬೆಳಕು ಯಾವ ಕೋನದಲ್ಲಿ ಬಿದ್ದಿತೋ ಅದೇ ಕೋನದಲ್ಲಿ ಆಚೆಗೆ ಹೋಗುತ್ತದೆ. ಆ ದಾರಿಯಲ್ಲಿ ಕ್ಯಾಮೆರಾ ಇದ್ದರೆ ಸೆರಗು ಹೊಳೆಯುತ್ತದೆ, ಇಲ್ಲದಿದ್ದರೆ ಮಣ್ಣಿನ ಬಣ್ಣವಾಗುತ್ತದೆ. ನಿರಂತರ ಬೆಳಕಿನ ಸೊಗಸು ಇಲ್ಲಿದೆ: ರೂಪದರ್ಶಿ ಸೆರಗನ್ನು ನಿಧಾನವಾಗಿ ತಿರುಗಿಸುತ್ತಿದ್ದಂತೆ ಜರಿ ಎಲ್ಲಿ ಹೊತ್ತಿಕೊಳ್ಳುತ್ತದೆ ಎಂದು ನೋಡಿ, ಅಲ್ಲೇ ತಡೆದು ನಿಲ್ಲಿಸಬಹುದು. ಬಡಗುತಿಟ್ಟಿನ ಯಕ್ಷಗಾನ ಕಂಡವರಿಗೆ ಇದು ಹೊಸದಲ್ಲ. ಎದೆಪದಕ, ಭುಜಕೀರ್ತಿ, ಕಿರೀಟಗಳ ಉಬ್ಬುತಗ್ಗಿನ ಮೇಲಿನ ಬೇಗಡೆ ರೂಪುಗೊಂಡದ್ದು ದೊಂದಿ, ದೀವಟಿಗೆಗಳ ಕಾಲದಲ್ಲಿ, ಕೆಳಗಿನಿಂದಲೂ ಪಕ್ಕದಿಂದಲೂ ಬರುತ್ತಿದ್ದ ಕೆಂಪು ಬೆಳಕಿಗೆ. ಸಾಲು ಟ್ಯೂಬ್‌ಲೈಟ್‌ಗಳ ಕೆಳಗೆ ಅದೇ ವೇಷ ಅರ್ಧ ತೇಜಸ್ಸು ಕಳೆದುಕೊಳ್ಳುತ್ತದೆ.

ಮಖಮಲ್ ಎದುರಿನ ಬೆಳಕನ್ನು ನುಂಗಿ ಅಂಚುಗಳಲ್ಲಿ ಮಾತ್ರ ಹೊಳೆಯುತ್ತದೆ, ಆದ್ದರಿಂದ ಹಿಂಬದಿಯ ದೀಪ ಬೇಕು. ಬಿಳಿ ಪಂಚೆ, ಕೆನೆಬಣ್ಣದ ಸೀರೆಗೆ ದೀಪವನ್ನು ತಗ್ಗಿಸಿ, ನೆರಿಗೆಯ ಗೆರೆಗಳು ಉಳಿದಿವೆಯೇ ನೋಡಬೇಕು.

ಚರ್ಮದ ಬಣ್ಣದ ಬಗ್ಗೆ ಒಂದು ಮಾತು. ಕಂದು ಮೈಬಣ್ಣವನ್ನು ಬೆಳ್ಳಗೆ ಕಾಣಿಸಲು ಬೆಳಕು ಸುರಿಯುವ ಅಭ್ಯಾಸ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹಾಗೆ ಮಾಡಿದಾಗ ಚಿತ್ರದ ಬೆಳಕೂ ಕೆಡುತ್ತದೆ, ವ್ಯಕ್ತಿಗೂ ಅವಮಾನವಾಗುತ್ತದೆ. ಕಂದು, ಕಪ್ಪು ಚರ್ಮದ ಸೊಬಗು ಅದರ ಮೇಲಿನ ಹೊಳಪಿನಲ್ಲಿದೆ. ದೊಡ್ಡ ಮೂಲವನ್ನು ಪಕ್ಕದಿಂದ ತಂದರೆ ಕೆನ್ನೆಮೂಳೆಯ, ಹಣೆಯ, ಭುಜದ ಮೇಲೆ ಆ ಹೊಳಪು ಅಗಲವಾಗಿ, ನಯವಾಗಿ ಹರಡುತ್ತದೆ.

ಬಣ್ಣ ಸರಿಯಿರಬೇಕಾದರೆ

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಎಣ್ಣೆದೀಪ, ಮೇಣದಬತ್ತಿಯ ಕೆಂಬಣ್ಣ ಸುಮಾರು 1900, ಹ್ಯಾಲೊಜೆನ್ 3200, ನಡುಹಗಲ ಬಿಸಿಲು 5500ರ ಆಸುಪಾಸು. ಮೋಡದ ದಿನ ಕಿಟಕಿಯಿಂದ ಬರುವ ಬೆಳಕು ಇನ್ನೂ ನೀಲಿ. ಸಂಖ್ಯೆ ಏರಿದಂತೆ ಬೆಳಕು ನೀಲಿಯಾಗುತ್ತದೆ. ಕೋಣೆಯಲ್ಲಿ ಬೇರೆ ಬೇರೆ ಕೆಲ್ವಿನ್‌ನ ದೀಪಗಳು ಕೂಡಿದರೆ ಸೀರೆಯ ಒಂದು ಮಡಿಕೆ ಹಳದಿ, ಇನ್ನೊಂದು ನೀಲಿ. ಆದ್ದರಿಂದ ಮನೆಯ ಟ್ಯೂಬ್‌ಲೈಟ್, ಬಲ್ಬುಗಳನ್ನು ಮೊದಲು ಆರಿಸಬೇಕು. ಬೇಕೆಂದೇ ಬೆರೆಸುವುದೂ ಒಂದು ಕಲೆ. ಹೊರಗೆ ಮಳೆಯ ಮುಸ್ಸಂಜೆ, ಕಿಟಕಿಯಲ್ಲಿ ನೀಲಿ, ಮುಖದ ಮೇಲೆ 3200ರ ಹೊನ್ನು. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕೆಂಬ ಹೊಂದಾಣಿಕೆಯನ್ನು, ಎರಡರ ನಡುವೆ, 4300ರ ಹತ್ತಿರ ಇಟ್ಟರೆ ಎರಡೂ ಬಣ್ಣ ಉಳಿಯುತ್ತವೆ.

ದೀಪದ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರಕ್ಕೆ ಇಷ್ಟು ಎಂಬ ಅಂಕ. 95ಕ್ಕಿಂತ ಮೇಲಿನದನ್ನು ಆರಿಸಿ. ಆದರೆ ಈ ಅಂಕ ಎಂಟು ಮಂಕು ಬಣ್ಣಗಳ ಸರಾಸರಿ, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಗಾಢ ಕೆಂಪಿಗೆ ಆರ್9 ಎಂಬ ಬೇರೆ ಅಂಕವಿದೆ. ಕುಂಕುಮ, ಇಳಕಲ್ ಸೆರಗಿನ ಕೆಂಪು, ತುಟಿಯ ಬಣ್ಣ, ಚರ್ಮದ ಜೀವಕಳೆ ಎಲ್ಲವೂ ಇದನ್ನೇ ಅವಲಂಬಿಸಿರುವುದರಿಂದ ಬಟ್ಟೆ ಮಾರುವವರು ಆರ್9 ಕೇಳಿಯೇ ದೀಪ ಕೊಳ್ಳಬೇಕು. ಗ್ರಾಹಕರಿಗೆ ಪಾರ್ಸೆಲ್‌ನಲ್ಲಿ ಬರುವ ಸೀರೆ ಚಿತ್ರದ ಬಣ್ಣದ್ದೇ ಆಗಿರಬೇಕು. ವ್ಯಾಟ್ ನೋಡಿ ಮರುಳಾಗಬೇಡಿ, ಅದು ದೀಪ ತಿನ್ನುವ ವಿದ್ಯುತ್ತಿನ ಲೆಕ್ಕ. ಒಂದು ಮೀಟರ್ ದೂರದಲ್ಲಿ ಎಷ್ಟು ಲಕ್ಸ್ (ಬೀಳುವ ಬೆಳಕಿನ ಅಳತೆ), ಬೆಳಕನ್ನು ಒಂದೇ ಕಡೆಗೆ ಕೂಡಿಸುವ ರಿಫ್ಲೆಕ್ಟರ್ ಇಟ್ಟು ಅಳೆದದ್ದೇ ಇಲ್ಲವೇ ಎಂದು ವಿಚಾರಿಸಿ.

ಮಿನುಗಾಟ ಇನ್ನೊಂದು ಕಾಟ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಅಗ್ಗದ ದೀಪ ಅದಕ್ಕೆ ತಕ್ಕಂತೆ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದ ಈ ಏರಿಳಿತ ಚಿತ್ರದಲ್ಲಿ ಅಡ್ಡ ಪಟ್ಟಿಗಳಾಗಿ ಬೀಳುತ್ತದೆ. ಅಂಗಡಿಯಲ್ಲೇ ಮೊಬೈಲ್‌ನ ಸ್ಲೋ ಮೋಷನ್ ವಿಡಿಯೊದಲ್ಲಿ ದೀಪವನ್ನು ತೆಗೆದು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಅಂಥ ದೀಪವೇ ಕೈಯಲ್ಲಿದ್ದರೆ ಷಟರ್ ವೇಗವನ್ನು, ಅಂದರೆ ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತನ್ನು, 1/50 ಅಥವಾ 1/100 ಸೆಕೆಂಡಿನಲ್ಲಿ ಇಟ್ಟು ಪಾರಾಗಬಹುದು.

ಬೆಳಕಿಗೆ ಆಕಾರ ಕೊಡುವುದು

ಜಾಲಂದ್ರದ ಕಿಟಕಿ, ಬಿದಿರಿನ ತಟ್ಟಿ, ಬೆತ್ತದ ಬುಟ್ಟಿ, ತೆಂಗಿನ ಗರಿ, ಇವುಗಳಲ್ಲಿ ಯಾವುದನ್ನೇ ದೀಪದ ಮುಂದೆ ಹಿಡಿದರೂ ಗೋಡೆಯ ಮೇಲೆ, ಸೀರೆಯ ಮೇಲೆ ವಿನ್ಯಾಸ ಮೂಡುತ್ತದೆ. ಇದಕ್ಕೆ ಸಾಫ್ಟ್‌ಬಾಕ್ಸ್ ತೆಗೆದು ಬರಿಯ ದೀಪ ಬಳಸಬೇಕು, ದೊಡ್ಡ ಮೂಲದ ಮುಂದೆ ವಿನ್ಯಾಸ ಕರಗಿಹೋಗುತ್ತದೆ. ತಟ್ಟಿಯನ್ನು ದೀಪದಿಂದ ದೂರ, ರೂಪದರ್ಶಿಯ ಹತ್ತಿರ ತಂದಷ್ಟೂ ಗೆರೆಗಳು ಹರಿತ. ಕಣ್ಣಿನ ಮೇಲೆ ಬೆಳಕಿನ ಪಟ್ಟಿ, ತುಟಿಯ ಮೇಲೆ ನೆರಳು ಬೀಳುವಂತೆ ಹೊಂದಿಸಲು ತಾಳ್ಮೆ ಬೇಕು.

ಬೆಳಕನ್ನು ದೂರಕ್ಕೆ ಕಟ್ಟುನಿಟ್ಟಾಗಿ ಕಳಿಸಲು ಫ್ರೆನೆಲ್ ಮಸೂರವಿದೆ. ಫ್ರಾನ್ಸಿನ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಇದನ್ನು ರೂಪಿಸಿದ್ದು ದೀಪಸ್ತಂಭಗಳಿಗಾಗಿ. ಕಾರವಾರದಾಚೆ ದೇವಗಡ ದ್ವೀಪದಲ್ಲಿ ದೀಪಸ್ತಂಭ ಕಂಡವರಿಗೆ ಅದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ದಪ್ಪ ಗಾಜನ್ನು ಉಂಗುರ ಉಂಗುರವಾಗಿ ತೆಳುಗೊಳಿಸಿದ ಈ ಮಸೂರ ಸಿನಿಮಾ ದೀಪಗಳಿಗೂ ಬಂತು.

ಖರ್ಚಿಲ್ಲದ ನಿರಂತರ ದೀಪವೊಂದಿದೆ, ಸೂರ್ಯ. ಮೈಸೂರಿನವರಾದ ವಿ.ಕೆ. ಮೂರ್ತಿ 1959ರ ಗುರುದತ್ ಚಿತ್ರವೊಂದರಲ್ಲಿ ಸ್ಟುಡಿಯೊದ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ಹಾಯಿಸಿ ಬೆಳಕಿನ ಕೋಲನ್ನೇ ಸೃಷ್ಟಿಸಿದರು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಸಿನಿಮಾ ಛಾಯಾಗ್ರಾಹಕ ಅವರೇ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ನಿಲುಗನ್ನಡಿಯಿಟ್ಟು ಜಗುಲಿಯ ಕತ್ತಲೆಗೆ ಬಿಸಿಲು ಹಾಯಿಸಿ ನೋಡಿ. ಲೋಬಾನದ ಹೊಗೆ ತುಸು ಹಾಕಿದರೆ ಹೊಗೆಯ ಕಣಗಳಿಂದ ಬೆಳಕು ಚದುರಿ ಅದರ ದಾರಿಯೇ ಕಾಣುತ್ತದೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಚಲಿಸುವುದರಿಂದ ನಾಲ್ಕು ಮೀಟರ್ ದೂರದಲ್ಲಿ ಬೆಳಕಿನ ತೇಪೆ ಅಷ್ಟರಲ್ಲಿ ಸುಮಾರು ಏಳು ಸೆಂಟಿಮೀಟರ್ ಸರಿದಿರುತ್ತದೆ. ಕನ್ನಡಿ ತಿರುಗಿಸಲು ಒಬ್ಬರು ಜೊತೆಗಿರಬೇಕು.

ಕ್ಯಾಮೆರಾ, ಮೊಬೈಲ್

ಒಂದು 60 ವ್ಯಾಟ್ ಎಲ್‌ಇಡಿಗೆ ಸಾಫ್ಟ್‌ಬಾಕ್ಸ್ ಹಾಕಿ ಮುಖದಿಂದ ಒಂದೂವರೆ ಮೀಟರ್ ದೂರದಲ್ಲಿಟ್ಟರೆ ಮಸೂರದ ತೆರವು ಎಫ್ 2.8, ಷಟರ್ 1/125, ಸಂವೇದನೆ ಅಂದರೆ ಐಎಸ್‌ಒ 400ರಿಂದ 800 ಎಂಬಲ್ಲಿಂದ ಶುರುಮಾಡಬಹುದು. ಸೆರಗು ಹಾರಿಸುವ ಚಿತ್ರಕ್ಕೆ 1/250 ಅಥವಾ ಇನ್ನೂ ವೇಗ ಬೇಕು, ಐಎಸ್‌ಒ ಅದಕ್ಕೆ ತಕ್ಕಂತೆ ಏರುತ್ತದೆ. ತದ್ವಿರುದ್ಧವಾಗಿ 1/8 ಸೆಕೆಂಡಿಗೆ ಇಳಿಸಿ, ಮುಖ ನಿಶ್ಚಲವಾಗಿಟ್ಟು ಸೆರಗು ಮಾತ್ರ ಬೀಸಲು ಹೇಳಿ. ಬಟ್ಟೆ ಹೊಗೆಯಾಗಿ ಹರಿಯುತ್ತದೆ. ಬರಿಯ ಫ್ಲ್ಯಾಶ್‌ನಲ್ಲಿ ಇದು ಸಾಧ್ಯವಿಲ್ಲ.

ಮೊಬೈಲ್‌ನ ಸ್ವಭಾವ ನಾಟಕೀಯ ಬೆಳಕಿಗೆ ವಿರೋಧಿ. ಕತ್ತಲೆ ಕಂಡೊಡನೆ ಅದನ್ನು ಬೆಳಗಿಸಲು ಹೊರಡುತ್ತದೆ. ನೈಟ್ ಮೋಡ್, ಎಚ್‌ಡಿಆರ್ ಎರಡೂ ಹಲವು ಚಿತ್ರಗಳನ್ನು ಬೆಸೆದು ನೆರಳನ್ನು ಎತ್ತಿಬಿಡುತ್ತವೆ. ಎರಡನ್ನೂ ಆಫ್ ಮಾಡಿ. ಬೆಳಕು ಬಿದ್ದ ಕೆನ್ನೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಜಾರಿಸಿ. ನೆರಳು ತನ್ನ ಜಾಗಕ್ಕೆ ಮರಳುತ್ತದೆ.

ಮಳೆಗಾಲದ ಜಾಗ್ರತೆ

ಒದ್ದೆ ನೆಲ, ಉದ್ದ ವೈರು, ಬರಿಗಾಲು ಮೂರೂ ಕೂಡುವ ಕಾಲ ಇದು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷಿಸಿಕೊಳ್ಳಬೇಕು, ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಬೇಕು. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಬೇಕು, ಸೆರಗು ಸಿಕ್ಕಿ ದೀಪ ಉರುಳುವುದು ಸಾಮಾನ್ಯ. ಬರಿಯ ಎಲ್‌ಇಡಿಯನ್ನು ನೇರವಾಗಿ ದಿಟ್ಟಿಸಲು ರೂಪದರ್ಶಿಗೆ ಹೇಳಬಾರದು. ಹ್ಯಾಲೊಜೆನ್ ಬಳಸುವವರು ಪರದೆ, ಚಾಪೆ, ರೇಷ್ಮೆಯಿಂದ ದೂರವಿಡಬೇಕು. ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಬ್ಯಾಟರಿಯಿಂದಲೂ ಉರಿಯುವ ದೀಪವೇ ಮೇಲು. ಇನ್ವರ್ಟರ್‌ನಲ್ಲಿ ಹಚ್ಚುವುದಾದರೆ ಶುದ್ಧ ಸೈನ್ ತರಂಗದ್ದು ಬೇಕು.

ಹವಾನಿಯಂತ್ರಿತ ಕೋಣೆಯಿಂದ ಜಗುಲಿಗೆ ಬಂದ ಮಸೂರದ ಮೇಲೆ ತೇವ ಕೂರುತ್ತದೆ, ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ಕೆಲಸ ಮುಗಿದ ಮೇಲೆ ಮಸೂರಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಕಡಲ ಬದಿಯ ಊರುಗಳಲ್ಲಿ ಸ್ಟ್ಯಾಂಡಿನ ತಿರುಪುಗಳನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಉಪ್ಪಿನ ತುಕ್ಕು ಹಿಡಿಯುವುದಿಲ್ಲ. ಸಾಫ್ಟ್‌ಬಾಕ್ಸನ್ನು ತೇವವಿರುವಾಗ ಮಡಚಬೇಡಿ. ಬಿಳಿ ಬಟ್ಟೆಯ ಮೇಲೂ ಒಳಗಿನ ಬೆಳ್ಳಿ ಪದರದ ಮೇಲೂ ಬೂಸ್ಟು ಹಿಡಿದರೆ ಬೆಳಕು ಕುಗ್ಗಿ ಹಳದಿಗೆ ತಿರುಗುತ್ತದೆ. ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೂ ಹಾಕಬೇಡಿ, ಅಲ್ಲಿ ತೇವ ಆರುತ್ತದೆ ನಿಜ, ಹೊಗೆಯ ಮಸಿ ಅದೇ ಹಳದಿಯನ್ನು ತರುತ್ತದೆ. ಫ್ಯಾನಿನ ಕೆಳಗೆ ಒಂದು ರಾತ್ರಿ ಹರಡಿಟ್ಟು ಬೆಳಿಗ್ಗೆ ಮಡಚಿದರೆ ಸರಿ.